ಬಲಗಡೆ ಕುಳಿತ ಹುಲೆಪ್ಪ

ಮಲ್ಲಿನಾಥ ಬರೆದದ್ದನ್ನು ತಿದ್ದಿಕೊಡುವ ಕೆಲಸ ನನಗೆ ಬಂದು ನಾಲ್ಕು ವರ್ಷವಾಯಿತು. ಅವನದು ನಮ್ಮ ಹಿಂದಿನ ಮನೆ. ಬನಹಟ್ಟಿಯ ನಮ್ಮ ಓಣಿಯ ಹೆಚ್ಚಿನವರಂತೆ ಅವರದೂ ಪವರ್‌ಲೂಮ್ ಸಂಸಾರ. ಮನೆಗೆ ಅಂಟಿದ ಶೆಡ್ಡಿನಲ್ಲಿ ಆರು ಮಗ್ಗ, ಓಡಿಸುವವರು ತಂದೆ ರಾಚಪ್ಪ ಮತ್ತು ಮಗ. ಮಗ್ಗ ಬಿಟ್ಟ ಹೊತ್ತಿನಲ್ಲಿ ಮಲ್ಲಿನಾಥ ಕಿವಿಯೊಳಗೆ ಇಟ್ಟುಕೊಳ್ಳುವ ಇಯರ್‌ಫೋನುಗಳನ್ನು ಪರೀಕ್ಷೆ ಮಾಡಿ, ಯಾವುದರ ಧ್ವನಿ ಹೇಗಿದೆ, ಯಾವುದು ಕಿವಿಗೆ ಹಿತ, ಯಾವುದು ನೋವು ಎಂದು ಯೂಟ್ಯೂಬಿನಲ್ಲಿ ಕನ್ನಡದಲ್ಲಿ ಹೇಳುತ್ತಾನೆ. ಹೇಳುವ ಮೊದಲು ಬರೆದುಕೊಳ್ಳುತ್ತಾನೆ, ಬರೆದದ್ದನ್ನು ನನಗೆ ತಂದು ಕೊಡುತ್ತಾನೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಅವನಿಗೂ ಕಲಿಸಿದ್ದೇನೆ. ಎಂಟನೆಯ ತರಗತಿಯಲ್ಲಿ ಮಾಡುತ್ತಿದ್ದ ತಪ್ಪುಗಳನ್ನೇ ಅವನು ಈಗಲೂ ಮಾಡುವುದರಿಂದ ಕೆಲಸ ಬೇಗ ಮುಗಿಯುತ್ತದೆ.

ಅವನ ಪರೀಕ್ಷೆಯ ಕ್ರಮ ಬೇರೆ ಯಾರಲ್ಲೂ ಇಲ್ಲ ಎಂದು ಅವನೇ ಹೇಳುತ್ತಾನೆ. ಧ್ವನಿಗೆ ಒಂದೇ ರೆಕಾರ್ಡಿಂಗ್. ನಮ್ಮ ಓಣಿಯ ಭಜನಾ ಮಂಡಳಿಯವರನ್ನು ಕೂರಿಸಿ ಅವನೇ ಎರಡು ಮೈಕು ಇಟ್ಟು ಮಾಡಿಕೊಂಡದ್ದು. ಎಡಗಡೆ ಅಣ್ಣಾಸಾಹೇಬನ ಹಾರ್ಮೋನಿಯಂ, ನಡುವೆ ಹಾಡುವವರು, ಬಲಗಡೆ ಹುಲೆಪ್ಪನ ತಾಳ. ಯಾರು ಎಲ್ಲಿ ಕುಳಿತಿದ್ದರು ಎಂದು ಅವನಿಗೆ ಅಂಗುಲದ ಲೆಕ್ಕದಲ್ಲಿ ಗೊತ್ತು. ಒಳ್ಳೆಯ ಇಯರ್‌ಫೋನಿನಲ್ಲಿ ಅವರವರು ಅವರವರ ಜಾಗದಲ್ಲಿ ಕುಳಿತಂತೆ ಕೇಳಬೇಕು. ಕಡಿಮೆ ಬೆಲೆಯದರಲ್ಲಿ ಎಲ್ಲರೂ ಒಬ್ಬರ ತೊಡೆಯ ಮೇಲೊಬ್ಬರು ಕುಳಿತಿರುತ್ತಾರೆ.

ಹಿತದ ಪರೀಕ್ಷೆ ಹೆಂಡತಿ ಕಾಂಚನಾಳದು. ಅವಳು ಇಯರ್‌ಫೋನು ಹಾಕಿಕೊಂಡು ಜೋಳದ ರೊಟ್ಟಿ ಬಡಿಯುತ್ತಾಳೆ. ರೊಟ್ಟಿ ಬಡಿಯುವಾಗ ಭುಜ, ಕುತ್ತಿಗೆ, ತಲೆ ಎಲ್ಲವೂ ಅಲುಗುತ್ತವೆ, ಮೇಲಾಗಿ ಒಲೆಯ ಬೆವರು. ಎಷ್ಟನೆಯ ರೊಟ್ಟಿಗೆ ಅದು ಜಾರಿ ಬೀಳುತ್ತದೆ, ಎಷ್ಟನೆಯದಕ್ಕೆ ಕಿವಿ ನೋಯುತ್ತದೆ ಎಂದು ಮಲ್ಲಿನಾಥ ಬರೆದುಕೊಳ್ಳುತ್ತಾನೆ. ಆವರೆಗಿನ ದಾಖಲೆ ಒಂಬತ್ತು ರೊಟ್ಟಿ. ಮೂರನೆಯ ಪರೀಕ್ಷಕಿ ನಾನು. ಕನ್ನಡಕ ಹಾಕುವ, ಅರವತ್ತೊಂಬತ್ತು ವರ್ಷದ ಕಿವಿಗೆ ಹೇಗಾಗುತ್ತದೆ ಎಂದು ತಿಳಿಯಲು ನನ್ನನ್ನು ಇಟ್ಟುಕೊಂಡಿದ್ದಾನೆ.

ಕಳೆದ ಮಾಗಿಯಲ್ಲಿ ಪುಣೆಯಿಂದ ಒಂದು ಡಬ್ಬಿ ಬಂತು. ದುಬಾರಿ ಇಯರ್‌ಫೋನು ತರಿಸಿ ಮಾರುವ ಒಂದು ಕಂಪನಿಯವರು ಅವನ ವಿಡಿಯೋಗಳನ್ನು ನೋಡಿದ್ದರು. ಇದೊಂದನ್ನು ಪರೀಕ್ಷೆ ಮಾಡಿ ಸೋಮವಾರದೊಳಗೆ ನಿಮ್ಮ ಅಭಿಪ್ರಾಯ ಹಾಕಿ, ಕೆಲಸ ಮನಸ್ಸಿಗೆ ಬಂದರೆ ತಿಂಗಳಿಗೊಂದು ಕಳಿಸುತ್ತೇವೆ, ಸಂಬಳ ಕೊಡುತ್ತೇವೆ ಎಂದು ಬರೆದಿದ್ದರು. ಇದರ ಅರ್ಥ ಮಲ್ಲಿನಾಥನಿಗೆ ಸ್ಪಷ್ಟವಿತ್ತು. ತನ್ನ ಪಾಲಿನ ಮಗ್ಗಕ್ಕೆ ಒಬ್ಬ ಆಳನ್ನು ಇಟ್ಟು, ತಾನು ಮಾಳಿಗೆಯ ಮೇಲೆ ಕುಳಿತು ಕೇಳುವುದನ್ನೇ ಕೆಲಸ ಮಾಡಿಕೊಳ್ಳಬಹುದು. ಹದಿನಾರನೆಯ ವಯಸ್ಸಿಗೆ ಶೆಡ್ಡಿಗೆ ಇಳಿದವನು, ಈಗ ಮೂವತ್ತಾರು. ಈ ವಿಷಯವನ್ನು ನನಗೆ, ಕಾಂಚನಾಳಿಗೆ, ಚಹಾದಂಗಡಿಯ ಹಣಮಪ್ಪನಿಗೆ ಹೇಳಿದ್ದ. ತಂದೆಗೆ ಹೇಳಿರಲಿಲ್ಲ. ತಂದೆಗೆ ಹಣಮಪ್ಪ ಹೇಳಿದ್ದ.

ಡಬ್ಬಿ ತೆರೆದಾಗ ನಾನೂ ಅಲ್ಲಿದ್ದೆ. ಹುಣಸೆಬೀಜದಷ್ಟೇ ಹೊಳಪಿನ, ಅದಕ್ಕಿಂತ ತುಸು ದೊಡ್ಡದಾದ ಎರಡು ಕಪ್ಪು ತುಂಡುಗಳು, ಕಿವಿಯ ಹಿಂದೆ ಸುತ್ತಿ ತರುವ ವೈರು, ಬೇರೆ ಬೇರೆ ಅಳತೆಯ ಮೆತ್ತನೆಯ ರಬ್ಬರ್ ಟೋಪಿಗಳು. ಬೆಲೆ ಅರವತ್ತೆಂಟು ಸಾವಿರ. ರಾಚಪ್ಪ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

“ಇದರಾಗ ಏನ್ ಬರ್ತೈತೋ?”

“ಹಾಡು ಬರ್ತೈತಪ್ಪಾ.”

“ಹಾಡು ರೇಡಿಯೋದಾಗೂ ಬರ್ತಿತ್ತು,” ಎಂದು ಡಬ್ಬಿಯಲ್ಲಿ ಮೊದಲಿದ್ದಂತೆಯೇ ಜೋಪಾನವಾಗಿ ಇಟ್ಟು ಶೆಡ್ಡಿಗೆ ಹೋದರು.

ಕಾಂಚನಾ ಅದೇ ದಿನ ಹದಿನಾಲ್ಕು ರೊಟ್ಟಿ ಬಡಿದಳು. ಬೀಳಲಿಲ್ಲ, ನೋಯಲಿಲ್ಲ. ಹಿಟ್ಟು ಮುಗಿದದ್ದರಿಂದ ಪರೀಕ್ಷೆ ನಿಂತಿತು. ಬಿಸಿ ರೊಟ್ಟಿಯಲ್ಲಿ ನಾಲ್ಕನ್ನು ನಮ್ಮ ಮನೆಗೆ ಕಳಿಸಿ, ಪರೀಕ್ಷೆಯದು, ತಿನ್ನಲೇಬೇಕು ಎಂದು ಹೇಳಿ ಕಳಿಸಿದ್ದಳು.

ಧ್ವನಿಯ ಪರೀಕ್ಷೆಗೆ ಗುರುವಾರದ ತನಕ ಕಾಯಬೇಕಾಯಿತು. ನಮ್ಮೂರಲ್ಲಿ ನಿಶ್ಶಬ್ದ ಎನ್ನುವುದು ಕರೆಂಟ್ ಹೋದರೆ ಮಾತ್ರ ಸಿಗುತ್ತದೆ. ಲೈನ್ ದುರಸ್ತಿಗೆಂದು ಆ ದಿನ ಹತ್ತರಿಂದ ನಾಲ್ಕರವರೆಗೆ ವಿದ್ಯುತ್ ಇರುವುದಿಲ್ಲ ಎಂದು ಮೊದಲೇ ಮೆಸೇಜ್ ಬಂದಿತ್ತು. ಹತ್ತಕ್ಕೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಜನ ಮಾತ್ರ ಇನ್ನೊಂದು ಅರ್ಧ ತಾಸು ಕೂಗಿಯೇ ಮಾತಾಡಿದರು, ರೂಢಿ.

ಹನ್ನೆರಡಕ್ಕೆ ಮಲ್ಲಿನಾಥ ಡಬ್ಬಿ, ಫೋನು, ಬರೆದ ಹಾಳೆ ಹಿಡಿದು ನಮ್ಮ ಪಡಸಾಲೆಗೆ ಬಂದ. ಮುಖ ಗಂಭೀರವಾಗಿತ್ತು.

“ಅಕ್ಕೋರ, ಇದರಾಗ ದೋಷ ಐತ್ರಿ.”

“ಏನ್ ದೋಷ?”

“ಬಲಗಡಿದು ಕಡಿಮಿ ಐತಿ. ಹುಲೆಪ್ಪ ಕಾಕಾ ಹೊರಗ ಕಟ್ಟಿ ಮ್ಯಾಲ ಕುಂತು ತಾಳ ಹಾಕಿದಂಗ ಕೇಳಸ್ತೈತಿ. ಮಾಳಗಿ ಮ್ಯಾಲ ಒಂದ್ ತಾಸು ಕೇಳೀನಿ. ಪುಣೆದವರಿಗೆ ಫೋನ್ ಮಾಡಿ ಹೇಳಿದ್ರ, ಅಳತಿ ಮಾಡೇ ಕಳಿಸೇವಿ, ಇನ್ನೊಂದ್ ಸಲ ನೋಡ್ರಿ ಅಂತಾರ. ನೋಡೂದೇನ್ರಿ, ನಂಗೇನ್ ಕಿವಿ ಇಲ್ಲೇನು? ನಾ ಇದನ್ನ ಹಾಕಾವನ. ಅರವತ್ತೆಂಟು ಸಾವಿರದ್ದು ಒಂದ್ ಕಡಿ ಕುಂಟ ಐತಿ ಅಂತ ಯಾರೂ ಹೇಳಿಲ್ಲ ಇನ್ನೂ. ನಾ ಹೇಳಿದ್ರ ಹೆಸರಾಗ್ತೈತಿ.”

ಹಾಳೆ ಕೊಟ್ಟ. ತಲೆಬರಹದಲ್ಲೇ ‘ದೋಷ’ ಎಂದಿತ್ತು. ಕಾಗುಣಿತ ಸರಿಯಿತ್ತು.

ನಾನು ಓದುವ ಮೊದಲು ಕೇಳಿ ನೋಡಿದೆ. ಅವನೇ ಸಣ್ಣ ರಬ್ಬರ್ ಟೋಪಿ ಹಾಕಿ ಕೊಟ್ಟ, ಕನ್ನಡಕದ ಕಡ್ಡಿಗೆ ವೈರು ತಾಗದಂತೆ ಹಿಂದಿನಿಂದ ತಂದ. ಭಜನೆ ಶುರುವಾಯಿತು. ಎಡಕ್ಕೆ ಅಣ್ಣಾಸಾಹೇಬನ ಹಾರ್ಮೋನಿಯಂ ಉಸಿರು ತೆಗೆದುಕೊಳ್ಳುವುದು ಕೂಡ ಕೇಳಿತು. ಬಲಕ್ಕೆ ಹುಲೆಪ್ಪನ ತಾಳ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಒಂದು ಕಡೆ ಅವನು ತಾಳ ತಪ್ಪಿ ಮತ್ತೆ ಸೇರಿಕೊಂಡದ್ದೂ ಗೊತ್ತಾಯಿತು.

“ಹುಲೆಪ್ಪ ಒಳಗ ಅದಾನಲ್ಲೋ ತಮ್ಮಾ.”

ಮಲ್ಲಿನಾಥ ಮರ್ಯಾದೆಯಿಂದಲೇ ಹೇಳಿದ, “ಅಕ್ಕೋರ, ನಿಮಗ ವಯಸ್ಸಾಗೇತಿ.”

“ಆಗೇತಿ. ನನ್ನ ಕಿವಿ ಹಳೇವು, ಖರೆ. ಆದ್ರ ಎರಡೂ ಒಂದ ಸಮ ಹಳೇವು.”

ಅವನು ಒಪ್ಪಲಿಲ್ಲ. ನಾನು ಹಾಳೆ ಓದತೊಡಗಿದೆ. ‘ಬಲಗಡೆಯದು ಒಂದು ಗುಲಗಂಜಿ ಕಡಿಮೆ’ ಎಂಬ ಸಾಲು ಬಂದಾಗ ನನ್ನ ಕೆಂಪು ಪೆನ್ನು ನಿಂತಿತು. ಆ ಸಾಲನ್ನು ನಾನು ಮೊದಲೇ ತಿದ್ದಿದ್ದೆ. ಒಂದು ಸಲವಲ್ಲ. ಗುಲಗಂಜಿಯ ‘ಲ’ಕ್ಕೆ ಅವನು ಯಾವಾಗಲೂ ‘ಳ’ ಹಾಕುತ್ತಿದ್ದ, ಈ ಸಲವಷ್ಟೇ ಸರಿ ಬರೆದಿದ್ದ. ಎದ್ದು ಹೋಗಿ ಅವನ ಹಳೆಯ ಹಾಳೆಗಳ ಫೈಲು ತಂದೆ. ಹನ್ನೊಂದು ಇಯರ್‌ಫೋನು, ಹನ್ನೊಂದು ಹಾಳೆ. ಒಂಬತ್ತರಲ್ಲಿ ಬಲಗಡೆಯದು ಒಂದು ಗುಲಗಂಜಿ ಕಡಿಮೆ. ಇಷ್ಟು ದಿನ ನಾನು ಅದನ್ನು ಅವನ ಶೈಲಿ ಎಂದುಕೊಂಡಿದ್ದೆ. ಅಗ್ಗದ ಮಾಲು, ಯಾರೂ ತಕರಾರು ಮಾಡಿರಲಿಲ್ಲ.

ಹಾಳೆಗಳನ್ನು ಟೀಪಾಯಿಯ ಮೇಲೆ ಸಾಲಾಗಿ ಇಟ್ಟೆ. ಅವನು ಒಂದೊಂದನ್ನೇ ನೋಡಿದ.

“ಎಲ್ಲಾ ಕಂಪನಿದವರೂ ಬಲಗಡಿದನ್ನ ಕಡಿಮಿ ಮಾಡ್ತಾರ ಅಂತೀರೇನ್ರಿ?”

“ನಾ ಏನೂ ಅನ್ನಾಕತ್ತಿಲ್ಲ. ಬಲದ್ದನ್ನ ಎಡಗಿವಿಗೆ ಹಚ್ಚಿ ನೋಡು.”

“ಅದು ಕೂಡೂದಿಲ್ರಿ. ಬಲಗಿವಿ ಆಕಾರಕ್ಕ ಮಾಡಿರ್ತಾರ.”

“ಕೈಲೆ ಒತ್ತಿ ಹಿಡಿ.”

ಮಗ್ಗದವರಿಗೆ ಬಟ್ಟೆಯಲ್ಲಿ ತಪ್ಪು ಕಂಡರೆ ಮಗ್ಗವನ್ನು ನೋಡುವುದು ಗೊತ್ತು, ನೂಲನ್ನು ನೋಡುವುದು ಗೊತ್ತು. ನೋಡುವ ಕಣ್ಣನ್ನು ಯಾರೂ ಪರೀಕ್ಷಿಸುವುದಿಲ್ಲ. ಅವನು ಮನಸ್ಸಿಲ್ಲದೆ ಎರಡನ್ನೂ ಅದಲುಬದಲು ಮಾಡಿ, ಎರಡೂ ಕೈಯಿಂದ ಒತ್ತಿ ಹಿಡಿದ. ಫೋನಿನ ಗುಂಡಿ ನಾನು ಒತ್ತಿದೆ. ಭಜನೆ ಪೂರ್ತಿ ಆರು ನಿಮಿಷ. ಆರು ನಿಮಿಷವೂ ಅವನು ನಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತ.

“ಹುಲೆಪ್ಪ ಕಾಕಾ ಒಳಗ ಬಂದ್ರು,” ಎಂದ.

“ಮತ್ತ ಅಣ್ಣಾಸಾಹೇಬ?”

“ಹೊರಗ ಹೋದ್ರು.”

ಮತ್ತೊಮ್ಮೆ ಮೊದಲಿನಂತೆ ಹಾಕಿದ. ಹುಲೆಪ್ಪ ಹೊರಗೆ ಹೋದ. ಮತ್ತೆ ಬದಲಿಸಿದ. ಒಳಗೆ ಬಂದ. ಪಾಪ, ಹುಲೆಪ್ಪನಿಗೆ ಆ ದಿನ ಮೂರು ಸಲ ಓಡಾಟವಾಯಿತು.

ಅಷ್ಟರಲ್ಲಿ ಕಾಂಚನಾ ಚಹಾ ತಂದಳು. ನಮ್ಮ ಹಿತ್ತಲ ಬಾಗಿಲಿನಿಂದ ಬಂದರೆ ಮಲ್ಲಿನಾಥನ ಬಲಗಡೆಯೇ ಸಿಗುತ್ತದೆ. ಅವಳು ಅಲ್ಲಿ ನಿಲ್ಲದೆ, ಕುರ್ಚಿ ಸುತ್ತು ಹಾಕಿ, ಟೀಪಾಯಿ ದಾಟಿ, ಎಡಗಡೆಗೆ ಬಂದು, “ತಗೋರಿ,” ಎಂದಳು. ಇದನ್ನು ನಾನು ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಆ ದಿನ ಮೊದಲ ಸಲ ಕಂಡಿತು. ಹಣಮಪ್ಪ ಚಹಾದಂಗಡಿಯಲ್ಲಿ ಅವನಿಗೆಂದು ಬಲಗೋಡೆಗೆ ಒತ್ತಿ ಸ್ಟೂಲು ಹಾಕುವುದು, ಎಲ್ಲರೂ ಎಡಕ್ಕೇ ಉಳಿಯುವಂತೆ, ನೆನಪಾಯಿತು. ಕೊನೆಗೆ ನಾನು ಕುಳಿತ ಕುರ್ಚಿಯನ್ನು ನೋಡಿಕೊಂಡೆ. ಅದು ಅವನ ಎಡಗಡೆಗಿತ್ತು. ಮೊದಲು ಕಿಟಕಿಯ ಬಳಿ ಇತ್ತು, ಬೆಳಕು ಚೆನ್ನಾಗಿತ್ತು. ಯಾವಾಗ ಸರಿಸಿದೆನೋ ನನಗೇ ತಿಳಿಯದು.

ಮಲ್ಲಿನಾಥ ಹೆಂಡತಿಯನ್ನು ನೋಡಿದ. “ನನ್ನ ಬಲಗಿವಿ ಮಂದ ಐತೇನ?”

“ಹೂಂ,” ಎಂದಳು ಕಾಂಚನಾ. ಸಕ್ಕರೆ ಸಾಕೇ ಎಂದು ಕೇಳಿದರೆ ಹೇಳುವ ಹಾಗೆ.

“ಯಾವಾಗಿಂದ ಗೊತ್ತು ನಿನಗ?”

“ಲಗ್ನ ಆದ ವರ್ಷಾನ ಗೊತ್ತಾತು. ಬಲಗಡಿ ನಿಂತು ಕರದ್ರ ನೀವು ಓ ಅಂತಿದ್ದಿಲ್ಲ. ಮೊದಲು ಸೊಕ್ಕು ಅಂದ್ಕೊಂಡಿದ್ದೆ. ಆಮ್ಯಾಲ ಅತ್ತೀನ ಹೇಳಿದ್ರು, ಎಡಗಡಿಯಿಂದ ಕರಿ ಅಂತ.”

“ನನಗ ಹೇಳಬಾರದಾ?”

“ಎಡಗಡಿ ನಿಂತ್ರ ಕೇಳಸ್ತಿತ್ತಲ್ಲ. ಮತ್ತೇನ್ ಹೇಳೂದು?”

ಅವನು ನನ್ನ ಕಡೆ ತಿರುಗಿದ. “ಅಕ್ಕೋರ, ಇದನ್ನ ಯಾರಿಗೂ ಹೇಳಬ್ಯಾಡ್ರಿ.”

“ಇನ್ನ ಯಾರಿಗೆ ಹೇಳ್ಲಿ? ಓಣಿಗೆಲ್ಲಾ ಗೊತ್ತಿದ್ದಂಗೈತಿ.”

ಮೂವರೂ ಚಹಾ ಕುಡಿದೆವು. ಕರೆಂಟಿಲ್ಲದ ಓಣಿಯಲ್ಲಿ ಎಲ್ಲೋ ಒಂದು ಕೊಡಪಾನ ತುಂಬುವ ಸದ್ದು ಚೆನ್ನಾಗಿ ಕೇಳುತ್ತಿತ್ತು, ನನಗೆ ಎರಡೂ ಕಡೆಯಿಂದ.

ಕಾಂಚನಾ ಲೋಟ ಕೆಳಗಿಟ್ಟಳು. “ಆ ದೋಷದ ಸಾಲು ತಗದ ಬಿಡ್ರಿ. ಎರಡೂ ಕಡೆ ಸಮ ಐತಿ ಅಂತ ಹೇಳ್ರಿ. ಖರೇನೂ ಹೌದು, ನೌಕರಿನೂ ಸಿಗ್ತೈತಿ.”

“ಸಮ ಅಂತ ನಾ ಎಲ್ಲಿ ಕೇಳೀನಿ? ಅಕ್ಕೋರು ಕೇಳ್ಯಾರ.”

“ಅಕ್ಕೋರು ಸುಳ್ಳ ಹೇಳ್ತಾರೇನು?”

“ಅದಲ್ಲ ಮಾತು. ನಾ ಕೇಳಿ ಹೇಳ್ತೀನಿ ಅಂತ ಜನ ನೋಡ್ತಾರ. ಮತ್ತ ಆ ಒಂಬತ್ತು?” ಎಂದು ಟೀಪಾಯಿಯ ಮೇಲಿನ ಹಾಳೆಗಳ ಕಡೆ ಕೈ ಮಾಡಿದ. “ಅವು ಸರೀನ ಇದ್ದವು, ನಾನ ಕುಂಟ ಅಂದೇನಿ. ಅದನ್ನೂ ಹೇಳಬೇಕು. ಹೇಳಿದ ಮ್ಯಾಲ ಒಂಟಿ ಕಿವಿಯವನ್ನ ಪರೀಕ್ಷಕ ಅಂತ ಯಾರ್ ಇಟ್ಕೋತಾರ?”

ಯಾರೂ ಇಟ್ಟುಕೊಳ್ಳಲಿಕ್ಕಿಲ್ಲ ಎಂದು ಮೂವರಿಗೂ ಅನಿಸಿತ್ತು. ಅವನು ಕೈ ಚಾಚಿದ. ನಾನು ಕೆಂಪು ಪೆನ್ನು ಕೊಟ್ಟೆ. ತಲೆಬರಹವನ್ನು ಅವನೇ ಹೊಡೆದುಹಾಕಿದ.

ಆಗ ರಾಚಪ್ಪ ಬಂದರು. ಮಗ್ಗ ನಿಂತರೆ ಅವರಿಗೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಕಿವಿಯಲ್ಲಿ ಇನ್ನೂ ಹತ್ತಿ ಇತ್ತು, ಎಡಗಿವಿಯಲ್ಲಿ ಮಾತ್ರ. ನಮ್ಮಲ್ಲಿ ಮಗ್ಗ ಓಡಿಸುವವರು ಸದ್ದಿಗೆಂದು ಹತ್ತಿಯ ವೇಸ್ಟ್ ಹೊಸೆದು ಕಿವಿಗೆ ಇಟ್ಟುಕೊಳ್ಳುತ್ತಾರೆ. ಆದರೆ ರಾಚಪ್ಪನವರ ಮನೆತನದಲ್ಲಿ ಒಂದೇ ಕಿವಿಗೆ. ಇನ್ನೊಂದು ಮಗ್ಗಕ್ಕೆ ಬಿಟ್ಟದ್ದು. ಎಳೆ ಹರಿದರೆ, ಲಾಳಿ ಸಡಿಲಾದರೆ ಮಗ್ಗದ ದನಿ ಬದಲಾಗುತ್ತದೆ. ಬಟ್ಟೆ ಕೆಡುವ ಮೊದಲೇ ಅದು ತೆರೆದ ಕಿವಿಗೆ ಗೊತ್ತಾಗಬೇಕು. ಹಾಗೆ ಹಿಡಿಯುವುದರಲ್ಲಿ ರಾಚಪ್ಪನವರಿಗೆ ಹೆಸರಿತ್ತು. ಮಗನಿಗೂ ಹದಿನಾರಕ್ಕೆ ಅದನ್ನೇ ಕಲಿಸಿದ್ದರು.

ನಾನು ಅವರ ಎಡಗಡೆಗೆ ಹೋಗಿ, ಹತ್ತಿ ತೆಗೆಯಿರಿ ಎಂದು ಸನ್ನೆ ಮಾಡಿ, ಆದದ್ದನ್ನು ಹೇಳಿದೆ.

“ಹೌದ್ರಿ,” ಎಂದರು. “ನಂದೂ ಬಲದ್ದು ಹೋಗಿ ಇಪ್ಪತ್ತು ವರ್ಷ ಆತು.”

“ನೀ ಯಾಕ ಹೇಳಿಲ್ಲಪ್ಪಾ?”

“ಇನ್ನೊಂದು ಐತಲ್ಲ.”

ಆಮೇಲೆ ಅವರು ಟೀಪಾಯಿಯ ಮೇಲಿನ ಹಾಳೆಗಳನ್ನು ನೋಡಿದರು. ಅವರಿಗೆ ಓದು ನಿಧಾನ. ಒಂಬತ್ತರಲ್ಲಿ ಮೂರನ್ನು ಪೂರ್ತಿ ಓದಿದರು, ನಿಂತುಕೊಂಡೇ. “ನಿಂದೂ ಹೋಗೇತಿ ಅಂತ ಗೊತ್ತಿದ್ದಿಲ್ಲ ನನಗ,” ಎಂದರು. ಓಣಿಯಲ್ಲಿ ಅದು ಗೊತ್ತಿಲ್ಲದವರು ಇಬ್ಬರೇ ಇದ್ದರು, ತಂದೆ ಮತ್ತು ಮಗ.

ರಾಚಪ್ಪ ಶೆಡ್ಡಿಗೆ ಹೋಗಿ ಸ್ವಲ್ಪ ಹೊತ್ತಿಗೆ ತಿರುಗಿ ಬಂದರು. ಅಂಗೈಯಲ್ಲಿ ಹತ್ತಿಯ ಎರಡು ಉಂಡೆಗಳು, ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಒಂದೇ ಅಳತೆಗೆ ತಂದವು. ಮಗನ ಕೈಗೆ ಇಟ್ಟರು.

“ಇನ್ನ ಮ್ಯಾಲ ಎರಡಕ್ಕೂ ಇಟ್ಕೋ.”

“ಮತ್ತ ಮಗ್ಗ ಹೆಂಗ ಕೇಳೂದು?”

“ಚೌಕಟ್ಟಿನ ಮ್ಯಾಲ ಕೈ ಇಡು. ನಡಗೂದು ಬ್ಯಾರೆ ಆಗ್ತೈತಿ. ಕಲಿಸ್ತೀನಿ.” ಬಾಗಿಲಿಗೆ ತಿರುಗಿ, “ಮೊದಲ ಕಲಿಸಬೇಕಿತ್ತು,” ಎಂದರು.

ಶನಿವಾರ ಮಲ್ಲಿನಾಥ ಜಮಖಂಡಿಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸಿ ಬಂದ. ಅವರು ಒಂದು ಗ್ರಾಫ್ ಕೊಟ್ಟರು. ಎಡಗಿವಿಯ ಗೆರೆ ನೆಟ್ಟಗೆ ಇತ್ತು, ಬಲಗಿವಿಯದು ಅರ್ಧದಿಂದ ಮೆಟ್ಟಿಲು ಇಳಿದಿತ್ತು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಕಾಯ್ದುಕೊಳ್ಳಿ ಎಂದು ಹೇಳಿದ್ದರಂತೆ. ಗ್ರಾಫನ್ನು ನನಗೆ ತೋರಿಸಿ, ಫೈಲಿನಲ್ಲಿ ಒಂಬತ್ತು ಹಾಳೆಗಳ ಮೇಲೆ ಇಟ್ಟ.

ಭಾನುವಾರ ವಿಡಿಯೋ ಮಾಡಿದ. ಹಾಳೆ ನಾನು ನೋಡಿದ್ದೆ, ತಿದ್ದುವಂಥದ್ದು ಹೆಚ್ಚಿರಲಿಲ್ಲ. ಮೊದಲು ಗ್ರಾಫ್ ತೋರಿಸಿದ. ತನ್ನ ಬಲಗಿವಿ ಮಂದವೆಂದೂ, ಹಿಂದಿನ ಒಂಬತ್ತು ಇಯರ್‌ಫೋನುಗಳ ಬಲಗಡೆಗೆ ತಾನು ಹೊರಿಸಿದ ಆರೋಪ ಸುಳ್ಳೆಂದೂ, ಒಂದೊಂದರ ಹೆಸರು ಹೇಳಿ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಕಾಂಚನಾಳನ್ನು ಬಲಗಡೆ ಕೂರಿಸಿಕೊಂಡು, ಒಂದೇ ಜೋಡಿಯ ಎಡದ್ದನ್ನು ತನ್ನ ಎಡಗಿವಿಗೂ ಬಲದ್ದನ್ನು ಅವಳ ಬಲಗಿವಿಗೂ ಹಾಕಿ, ಇಬ್ಬರೂ ಅಣ್ಣಾಸಾಹೇಬ, ಹುಲೆಪ್ಪ ಎಲ್ಲೆಲ್ಲಿ ಕುಳಿತಿದ್ದಾರೆಂದು ಹೇಳಿದರು. ವೈರು ಚಿಕ್ಕದಿದ್ದದ್ದರಿಂದ ತಲೆಗೆ ತಲೆ ಹಚ್ಚಿ ಕೂರಬೇಕಾಯಿತು. ಕಾಂಚನಾ ಕ್ಯಾಮರಾ ನೋಡದೆ, “ಹುಲೆಪ್ಪ ಕಾಕಾ ಒಂದ್ ಕಡೆ ತಪ್ಯಾರ,” ಎಂದಳು. ಕೊನೆಗೆ ಹದಿನಾಲ್ಕು ರೊಟ್ಟಿಯ ವರದಿ.

ಪುಣೆಯವರಿಂದ ಬುಧವಾರ ಪತ್ರ ಬಂತು. ಸಭ್ಯ ಪತ್ರ. ಪ್ರಾಮಾಣಿಕತೆಗೆ ಧನ್ಯವಾದ. ಧ್ವನಿ ಪರೀಕ್ಷೆಯ ಕೆಲಸವನ್ನು ಕೊಲ್ಹಾಪುರದ ಒಬ್ಬರಿಗೆ ವಹಿಸಲಾಗಿದೆ. ಆದರೆ ರೊಟ್ಟಿಯ ಪರೀಕ್ಷೆಯಂಥದ್ದು ತಮ್ಮ ಬಳಿ ಇಲ್ಲ, ಹಾಕಿಕೊಳ್ಳಲು ಹಿತವೇ ಎಂದು ನೋಡಲು ತಿಂಗಳಿಗೆ ಎರಡು ಜೋಡಿ ಕಳಿಸಿದರೆ ಶ್ರೀಮತಿ ಕಾಂಚನಾ ಅವರು ಒಪ್ಪಿಕೊಳ್ಳುವರೇ?

ಮಲ್ಲಿನಾಥ ಪತ್ರವನ್ನು ಎರಡು ಸಲ ಓದಿ ಹೆಂಡತಿಗೆ ಕೊಟ್ಟ.

“ನೀವ ಬರೀತೀರಲ್ಲ?” ಎಂದಳು ಅವಳು.

“ಬರೀತೀನಿ.”

“ಹಂಗಾರ ಜ್ವಾಳ ಹೆಚ್ಗಿ ಬೀಸಸ್ರಿ.”

ಮಾಳಿಗೆಯ ಮೇಲೆ ಕುಳಿತು ಕೇಳುವ ಕೆಲಸ ಸಿಗಲಿಲ್ಲ. ಅವನು ಈಗಲೂ ಶೆಡ್ಡಿನಲ್ಲೇ ಇದ್ದಾನೆ, ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು. ಕಿಟಕಿಯಿಂದ ನೋಡಿದರೆ ತಂದೆ, ಮಗ ಇಬ್ಬರೂ ಮಗ್ಗದ ಚೌಕಟ್ಟಿನ ಮೇಲೆ ಕೈ ಇಟ್ಟು, ಜ್ವರ ನೋಡುವವರ ಹಾಗೆ ನಿಂತಿರುತ್ತಾರೆ.

ಅವರಿಬ್ಬರೂ ಸಂಜೆ ಹಣಮಪ್ಪನ ಅಂಗಡಿಗೆ ನಡೆದು ಹೋಗುವುದನ್ನು ಓಣಿಯವರು ಹಿಂದಿನಿಂದಲೂ ನೋಡುತ್ತ ಬಂದಿದ್ದೇವೆ. ದಾರಿಯುದ್ದಕ್ಕೂ ಜಾಗ ಬದಲಿಸುತ್ತಿದ್ದರು. ಮಾತು ಕೇಳಬೇಕೆಂದರೆ ಇನ್ನೊಬ್ಬನನ್ನು ತನ್ನ ಎಡಕ್ಕೆ ಮಾಡಿಕೊಳ್ಳಬೇಕು. ಹಾಗಾಗಿ ತಂದೆ ಮಗನ ಬಲಕ್ಕೆ ಬರುವುದು, ಮಗ ಹಿಂದಿನಿಂದ ಸುತ್ತಿ ತಂದೆಯ ಬಲಕ್ಕೆ ಹೋಗುವುದು. ಅವರ ನಡಿಗೆಯೇ ಹಾಗೆ ಎಂದು ನಾವು ಸುಮ್ಮನಿದ್ದೆವು.

ನಿನ್ನೆ ಸಂಜೆ ಕಟ್ಟೆಯ ಮೇಲೆ ಕುಳಿತಿದ್ದಾಗ ಮತ್ತೆ ಕಂಡರು. ಮಗ, ತಂದೆಗೆ ಕೇಳಿಸಲೆಂದು ತಂದೆಯ ಎಡಕ್ಕೆ ಬಂದು ತನ್ನ ಮಂದ ಕಿವಿಯನ್ನು ಅವರ ಕಡೆ ಮಾಡಿಕೊಂಡ. ನಾಲ್ಕು ಹೆಜ್ಜೆ ನಡೆದರು. ತಂದೆ ನಿಂತು, ಹಿಂದಿನಿಂದ ಸುತ್ತಿ, ಮಗನಿಗೆ ಕೇಳಿಸಲೆಂದು ಮಗನ ಎಡಕ್ಕೆ ಹೋದರು. ಮತ್ತೆ ನಾಲ್ಕು ಹೆಜ್ಜೆಗೆ ಮಗ ಸುತ್ತಿ ಬಂದ. ಹೀಗೇ ಅಂಗಡಿಯ ತನಕ. ದೂರದಿಂದ ನೋಡುವವರಿಗೆ ಮೊದಲಿನದಕ್ಕೂ ಈಗಿನದಕ್ಕೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಹಣಮಪ್ಪ ಮಾತ್ರ ಈಗ ಸ್ಟೂಲುಗಳನ್ನು ಎದುರುಬದುರು ಹಾಕುತ್ತಾನೆ.